ನೀರು ಸುರಿಯುವ ಹೆಂಗಸಿನ ಕಾರ್ಡು

ಬೆಳಗಾಗುತ್ತಲೇ ಫೋನು ತೆಗೆದು ‘ಒಂದು ಕಾರ್ಡು ಆರಿಸಿ, ನಿಮ್ಮ ಭವಿಷ್ಯ ತಿಳಿಯಿರಿ’ ಅನ್ನುವುದನ್ನು ಒತ್ತುತ್ತಾ ಕೂರುವವರೇ, ನಿಮಗೆ ಮುಖ ತೊಳೆಯುವ ಕೆಲಸವೂ ಇಲ್ಲವೇ?

ಬೈಯುವ ಹಕ್ಕು ನನಗಿದೆ. ಮೊನ್ನೆ ನಾನೂ ಒಂದು ಆರಿಸಿ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ...

ಮೈಸೂರಿನಲ್ಲಿ ಸೈಕಾಲಜಿ ಓದುವ ಮೊಮ್ಮಗಳು ಪವಿತ್ರ ರಜಕ್ಕೆ ಮಾಂಬಳ್ಳಿಗೆ ಬಂದಿದ್ದಳು. ನಾನು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಪಕ್ಕದಲ್ಲೇ ಟ್ಯಾರೋ ಕಾರ್ಡು ಹರಡಿದಳು.

“ಏನವ್ವಾ, ಗಿಣಿ ಎಲ್ಲಿ ಬುಟ್ ಬಂದೆ?” ಅಂದೆ.

“ಗಿಣಿಸಾಸ್ತ್ರ ಅಲ್ಲ ಕಣಜ್ಜಿ. ಮುಂದೆ ಆಗದ್ನ ಇದು ಯೇಳಾಕಿಲ್ಲ. ತಾಯಿ, ಮುದ್ಕ, ತಿಕ್ಲ, ರಾಜ... ಇವ್ರೆಲ್ಲಾ ನಮ್ಮೊಳ್ಗೇ ಕುಂತವ್ರೆ. ಚಿತ್ರ ನೋಡುದ್ರೆ ಎದ್ದು ಬತ್ತಾರೆ.”

ತಾಯಿ ಅಂತ ತೋರಿಸಿದಳು. ದಿಂಬಿಗೆ ಒರಗಿದ ರಾಣಿ, ತಲೆಗೆ ಕಿರೀಟ ಬೇರೆ.

“ಮಕ್ಳ ಎತ್ತವ್ಳು ಇಂಗೆ ಒರಗ್ಕಂಡು ಕುಂತದ್ದ ಯಾವೂರಲ್ಲಿ ಕಂಡಿದ್ದೀಯೇ?” ಅಂದೆ. ಲಾಂದ್ರ ಹಿಡಿದ ಮುದುಕ, ಒಳಗಿನ ಜ್ಞಾನವಂತೆ. ನನ್ನ ಕಣ್ಣಿಗೆ ಎಮ್ಮೆ ಹುಡುಕಲು ಹೊರಟವನ ಹಾಗೆ ಕಂಡ.

ಆಮೇಲೆ ಒಂದು ಕಾರ್ಡು ನಾನೇ ಎತ್ತಿಕೊಂಡೆ. ಮೈಮೇಲೆ ಬಟ್ಟೆಯಿಲ್ಲದ ಹೆಂಗಸು. “ಮೊದ್ಲು ಇವ್ಳಿಗೊಂದು ಸೀರೆ ಉಡ್ಸು” ಅಂದೆ.

ನೆತ್ತಿಯ ಮೇಲೆ ನಕ್ಷತ್ರ. ಕೊಳದ ದಡದಲ್ಲಿ ಮಂಡಿಯೂರಿದ್ದಾಳೆ, ಎರಡು ಕೈಯಲ್ಲಿ ಎರಡು ಬಿಂದಿಗೆ. ಒಂದರ ನೀರು ನೆಲಕ್ಕೆ, ಇನ್ನೊಂದರದ್ದು ಮತ್ತೆ ಕೊಳಕ್ಕೇ.

ತುಂಬಿದ ನೀರನ್ನು ಮತ್ತೆ ಕೆರೆಗೇ ಸುರಿಯುವವಳನ್ನು ನಾನು ಒಬ್ಬಳನ್ನೇ ಕಂಡಿದ್ದೇನೆ. ನನ್ನ ತಂಗಿ ಚಿಕ್ಕತಾಯಿ.

ಚಿಕ್ಕಂದಿನಲ್ಲಿ ನಾನು ಬಿಂದಿಗೆ ಸೊಂಟಕ್ಕೇರಿಸಿ ನಿಂತರೆ ಅವಳು ತನ್ನದನ್ನು ಬೋರಲು ಹಾಕುತ್ತಿದ್ದಳು. “ಕದಡೋಗಿತ್ತು ಕಣಕ್ಕ, ಇನ್ನೊಂದ್ಕಿತ ತುಂಬ್ಕತೀನಿ.” ನೀರು ಕನ್ನಡಿಯ ಹಾಗಿರುತ್ತಿತ್ತು. ಮನೆಗೆ ಹೋದರೆ ಕೆಲಸ... ಕೆರೆಯ ಬಳಿಯಾದರೆ ನಾವಿಬ್ಬರೇ.

ಕಾರ್ಡು ಕೈಯಲ್ಲೇ ಇದೆ, ಸೊಪ್ಪು ಬಾಡುತ್ತಿದೆ. “ಇದು ಆಸೆ ಕಣಜ್ಜಿ. ಎಲ್ಲಾ ಕಳ್ದೋದ್ರೂ ಒಣಗ್ದೆ ಉಳಿಯೋದು” ಅಂದಳು ಪವಿತ್ರ. “ಯಾರ್ ಗ್ಯಾಪ್ಕ ಬಂತು?”

ಹೇಳಿದೆ. ಚಿಕ್ಕತಾಯಿಯನ್ನು ಹನೂರಿನಾಚೆಯ ಹೂಗ್ಯಂ ಊರಿಗೆ ಕೊಟ್ಟಿತ್ತು. ನಮಗೆ ಅಣ್ಣತಮ್ಮಂದಿರಿಲ್ಲ. ಅವ್ವ ಹೋದ ಮೇಲೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕಳಿಸುತ್ತಿದ್ದವಳು ನಾನೇ. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ.

ಅವಳ ಗಂಡ ತೀರಿಕೊಂಡ ವರ್ಷ ಕಳಿಸಲಿಲ್ಲ. ಮುತ್ತೈದೆಯಲ್ಲದವಳಿಗೆ ಬಾಗಿನ ಕೊಡುವುದುಂಟೇ ಅಂದರು. ಅಂದವರ ಬಾಯಿಗೆ ಹೆದರಿದೆ. ಊರವರಿಗೆಲ್ಲ ಬಾಯಿ ಮಾಡುವ ನಾನು, ಅವತ್ತು ಬಾಯಿ ಮುಚ್ಚಿಕೊಂಡಿದ್ದೆ.

ಹನೂರು ಕಡೆ ಸುತ್ತುವ ಬಳೆ ಮಾರುವಾಕೆಯ ಕೈಲಿ ತಂಗಿ ಒಂದೇ ಮಾತು ಹೇಳಿ ಕಳಿಸಿದಳು. “ನಮ್ಮಕ್ಕ ಇಸ್ಟು ವರ್ಸ ಮೊರವ ಕೊಡ್ತಿದ್ದುದು ನನ್ ಗಂಡನ್ಗಾ?”

ಅದಾಗಿ ಹನ್ನೊಂದು ವರ್ಷ. ಅವಳು ಬಂದಿಲ್ಲ.

“ನೀನಾದ್ರೂ ಓಗ್ಬೋದಿತ್ತಲ್ಲ ಅಜ್ಜಿ?”

“ನಾನು ದೊಡ್ಡವ್ಳು ಕಣೇ. ಅವ್ಳೇ ಬರ್ಲಿ ಅಂತಿದ್ದೆ.”

“ಅಕ್ಕ ಬರ್ಲಿ ಅಂತ ಅವ್ಳೂ ಕಾಯ್ತಾವ್ಳೇನೋ.”

ಮೊಮ್ಮಗಳಿಗೆ ಇನ್ನೊಂದು ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಒಂದು ಸಲ ಹನೂರಿನವರೆಗೆ ಹೋಗಿದ್ದೆ. ಹೂಗ್ಯಂ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಕೂಗಿ ಕರೆದ. ಅವಳು ಬಾಗಿಲಲ್ಲಿ ನಿಂತು “ಯಾರು?” ಅಂದುಬಿಟ್ಟರೆ... ಹತ್ತಲಿಲ್ಲ. ಕೊಳ್ಳೇಗಾಲದ ಬಸ್ಸು ಹಿಡಿದು ವಾಪಸ್ಸು ಬಂದೆ.

ಚಿಕ್ಕತಾಯಿಯ ಸೊಸೆ ಇಲ್ಲೇ, ಈ ಫೇಸ್‌ಬುಕ್ಕಿನಲ್ಲೇ ಇದ್ದಾಳೆ. ನಾನು ಏನು ಹಾಕಿದರೂ ಲೈಕ್ ಒತ್ತುತ್ತಾಳೆ, ಒಂದು ಮಾತು ಬರೆಯುವುದಿಲ್ಲ.

ತಾಯೀ, ಇವತ್ತು ಒತ್ತಿ ಸುಮ್ಮನಾಗಬೇಡ. ಇದನ್ನು ನಿನ್ನ ಅತ್ತೆಗೆ ಓದಿ ಹೇಳು. ಬರುವ ತಿಂಗಳು ಗೌರಿ. ಈ ಸಲ ಮೊರ ಕಳಿಸುವುದಿಲ್ಲ, ನಾನೇ ಹೊತ್ತು ತರುತ್ತೇನೆ. ಬಳೆಯೂ ಇರುತ್ತದೆ, ನೋಡುವವರು ನೋಡಲಿ.

ಬಾ ಅಂತಾಳೋ, ಬೇಡ ಅಂತಾಳೋ, ತಿಂಗಳು ಹುಟ್ಟುವುದರೊಳಗೆ ಕೇಳಿ ಬರೆ.