ನೆಗೊಂಬೊದಲ್ಲಿ ಒಂದು ಕಣ

ಮದುವೆಯಾದ ಹೊಸದರಲ್ಲಿ ನಾವು ಶ್ರೀಲಂಕಾದ ನೆಗೊಂಬೊಗೆ ಹೋಗಿದ್ದೆವು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ನಮ್ಮ ಕಡೆಯವರು ಆಗ ಹನಿಮೂನ್ ಎಂದರೆ ಊಟಿಗೆ ಹೋಗುತ್ತಿದ್ದರು. ಬೆಟ್ಟದಲ್ಲಿರುವವರು ಇನ್ನೊಂದು ಬೆಟ್ಟ ನೋಡಿ ಬರುತ್ತಿದ್ದರು. ಬೆಂಗಳೂರಿನಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದ ಗಂಡನ ಸೋದರಮಾವ ಟಿಕೆಟ್ಟನ್ನೇ ಉಡುಗೊರೆ ಕೊಟ್ಟಿದ್ದರಿಂದ ನಮಗೆ ಸಮುದ್ರ ಸಿಕ್ಕಿತು.

ನಾನು ಆಗ ಮೂಡಿಗೆರೆಯಲ್ಲಿ ಹೈಸ್ಕೂಲ್ ಟೀಚರ್. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟೊಂದರ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ, ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮಾಡಿದವಳು. ಹೇಳಿಕೊಳ್ಳಲು ನನಗೆ ಸಂಕೋಚ ಇರಲಿಲ್ಲ. ಚಿಕ್ಕಮಗಳೂರಿನ ಅತ್ತೆಗೆ ಇತ್ತು. ಕಾಫಿ ಒಣಗಿಸುವ ಕಣದಲ್ಲಿ ದುಡಿದು ನನ್ನನ್ನು ಓದಿಸಿದ ಅಪ್ಪನನ್ನು ಅವರು ನೆಂಟರ ಮುಂದೆ ಎಸ್ಟೇಟಿನ ರೈಟರ್ ಮಾಡಿಬಿಟ್ಟಿದ್ದರು. ಆಳುಗಳ ಹಾಜರಿ ಬರೆಯುವ ರೈಟರ್ ಎಂದರೆ ನಮ್ಮ ಲೈನಿನವರ ಪಾಲಿಗೆ ದೊಡ್ಡ ಮನುಷ್ಯ. ಮದುವೆ ಚಪ್ಪರದಲ್ಲೂ ಹಾಗೇ ಪರಿಚಯ ಮಾಡಿಸಿದರು. ಎಲ್ಲ ಗೊತ್ತಿದ್ದ ಗಂಡ ಪಕ್ಕದಲ್ಲೇ ನಿಂತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮುಂದೆಯೂ ಹೀಗೇ ಸುಮ್ಮನಿರುತ್ತಾರೋ ಏನೋ ಎಂಬುದೊಂದು ನನಗೆ ತಿಳಿಯಬೇಕಿತ್ತು. ಹಾಗಾದರೆ ಅಪ್ಪ ನಮ್ಮ ಮನೆಗೆ ಬಂದಾಗಲೆಲ್ಲ ರೈಟರ್ ಆಗಿ ಕೂರಬೇಕು.

ನೆಗೊಂಬೊದಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ತಡವಾಗಿ ಏಳುವುದು, ಒತ್ತುಶ್ಯಾವಿಗೆ ತಿನ್ನುವುದು, ಆಟೋದಲ್ಲಿ ಪೇಟೆ ಸುತ್ತುವುದು, ತಿರುಗಿ ಬಂದು ಮಲಗುವುದು. ಗಂಡ ಬ್ಯಾಂಕಿನ ಗುಮಾಸ್ತರು, ಮಾತು ಕಡಿಮೆ. ಹೋಟೆಲಿನ ಕಾಫಿ ಕುಡಿದಾಗ ಮಾತ್ರ, "ಇದಕ್ಕೆ ಕಾಫಿ ಅಂತಾರಾ?" ಎಂದು ನನ್ನನ್ನು ಕೇಳುತ್ತಿದ್ದರು, ನಾನೇ ಮಾಡಿದ ಹಾಗೆ.

ಒಂದು ಮಧ್ಯಾಹ್ನ ದಂಡೆಯ ಮೇಲೆ ನಡೆಯುತ್ತಿದ್ದೆವು. ಮರಳಿನ ಮೇಲೆ ಉದ್ದಕ್ಕೂ ನಾರಿನ ಚಾಪೆ ಹಾಸಿ ಸಣ್ಣ ಮೀನು ಒಣಹಾಕಿದ್ದರು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟಿತ್ತು, ಹತ್ತಿರ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಗಾಳಿ ತಣ್ಣಗಾಯಿತು, ಸಮುದ್ರದ ಮೇಲೆ ಮೋಡ ಕಪ್ಪಾಯಿತು. ಕಣ ಇರುವ ಎಸ್ಟೇಟಿನಲ್ಲಿ ಬೆಳೆದವರಿಗೆ ಆಗ ಯೋಚನೆ ಎಂಬುದಿರುವುದಿಲ್ಲ. ಮೋಡ ಕಂಡರೆ ಒಲೆ ಮೇಲಿನ ಅನ್ನ ಬಿಟ್ಟು ಓಡಬೇಕು, ಕಾಫಿ ಗುಡ್ಡೆ ಮಾಡಬೇಕು, ಟಾರ್ಪಾಲು ಎಳೆಯಬೇಕು. ನಾನು ಚಪ್ಪಲಿ ಕಳಚಿ ಓಡಿದೆ. ಕಾಫಿಯನ್ನು ಕಾಲಲ್ಲಿ ತಳ್ಳಿ ರಾಶಿ ಮಾಡುವಂತೆಯೇ ಮೀನನ್ನೂ ಸರಸರ ತಳ್ಳಿ ರಾಶಿ ಮಾಡಿದೆ. "ರೀ, ಆ ಪ್ಲಾಸ್ಟಿಕ್ ಎಳೀರಿ!" ಎಂದು ಗಂಡನಿಗೂ ಕೂಗಿದೆ.

ಎರಡು ಚಾಪೆ ಮುಗಿಸುವಷ್ಟರಲ್ಲಿ ಗುಡಿಸಲಿನಿಂದ ಒಬ್ಬ ಹೆಂಗಸು ಪೊರಕೆ ಹಿಡಿದು ಬಂದಳು. ಬೈಗುಳ ತಮಿಳಿನಲ್ಲಿತ್ತು. ನಮ್ಮ ಲೈನಿನಲ್ಲಿ ತಮಿಳರ ಮನೆಗಳೂ ಇದ್ದುದರಿಂದ ನನಗೆ ಅಷ್ಟೂ ಅರ್ಥವಾಯಿತು.

"ತಿನ್ನೋ ಮೀನು ಕಾಲಲ್ಲಿ ತುಳೀತೀಯಲ್ಲೇ! ಹಸಿ ಮೀನು ರಾಶಿ ಹಾಕಿದ್ರೆ ಬೆಂದು ನಾರಲ್ವೇನೇ? ಯಾವೂರವಳು ನೀನು?"

"ಮಳೆ ಬರೋ ಹಾಗಿತ್ತಲ್ಲ ಅಕ್ಕಾ," ಎಂದೆ, ಅವಳದೇ ಮಾತಿನಲ್ಲಿ.

ಅವಳು ಪೊರಕೆ ಇಳಿಸಿ ನನ್ನ ಕಾಲು ನೋಡಿದಳು. ರಾಶಿ ನೋಡಿದಳು. "ಟೀ ತೋಟದ ಲೈನವಳಾ?"

"ಹೂಂ. ಕಾಫಿ ತೋಟ."

"ಅದಕ್ಕೇ! ಈ ಮೋಡ ಇಲ್ಲಿ ಸುರಿಯಲ್ಲ, ಕೂತ್ಕೋ. ಮತ್ತೆ ಹರವು, ಕೈಯಲ್ಲಿ. ಅವನಿಗೂ ಹೇಳು."

ಪ್ಲಾಸ್ಟಿಕ್ ಹಿಡಿದು ನಿಂತಿದ್ದ ಗಂಡ, "ಏನಂತೆ?" ಎಂದರು.

"ಲೈನವಳಾ ಅಂತ ಕೇಳಿದ್ರು, ಹೌದು ಅಂದೆ. ನಿಮಗೂ ಕೂತು ಹರವೋಕೆ ಹೇಳ್ತಿದ್ದಾರೆ."

"ನಂಗೆ ಬರಲ್ಲ ಮಾರಾಯ್ತಿ."

"ಕಲೀರಿ."

ಅವರು ಪ್ಯಾಂಟು ಮಡಚಿ ಕೂತರು. ಒಂದೊಂದೇ ಮೀನಿನ ಬಾಲ ಹಿಡಿದು, ನೋಟು ಜೋಡಿಸಿದ ಹಾಗೆ ಸಾಲಾಗಿ ಇಟ್ಟರು. ಹೆಂಗಸು ಬಿದ್ದು ಬಿದ್ದು ನಕ್ಕಳು. "ನಿನ್ನ ಗಂಡ ಆಫೀಸಾ? ಇವನು ಹರವೋವಷ್ಟರಲ್ಲಿ ಮುಂದಿನ ಮೀನು ಬರುತ್ತೆ." ಅದನ್ನೂ ಹೇಳಿದೆ. ಗಂಡನೂ ನಕ್ಕರು. ಮೋಡ ಹಾಗೇ ದಕ್ಷಿಣಕ್ಕೆ ಹೋಯಿತು.

ಹೋಟೆಲಿಗೆ ವಾಪಸು ಹೋಗುವಾಗ ಅವರು ಕೇಳಿದರು, "ಕಾಫಿನೂ ಹಂಗೇ ಕಾಲಲ್ಲೇ ಮಾಡೋದಾ?"

"ಹೌದು. ಅಪ್ಪ ನನಗಿಂತ ಚುರುಕು."

ಅವರು ಪ್ಯಾಂಟಿನ ಮಡಿಕೆಯಿಂದ ಮರಳು ಕೊಡವಿಕೊಂಡರು. ನಾನು ಮದುವೆ ಚಪ್ಪರದ ಮಾತು ಕೆದಕಲಿಲ್ಲ.

ಊರಿಗೆ ಬಂದ ವಾರದಲ್ಲೇ ಚಿಕ್ಕಮಗಳೂರಿನ ಮನೆಗೆ ಗಂಡನ ಚಿಕ್ಕಮ್ಮ ಬಂದಿದ್ದರು. ಕಾಫಿ ಕೊಡುತ್ತ ಅತ್ತೆ ಎಂದಿನಂತೆ ಶುರು ಮಾಡಿದರು, "ಇವಳ ಅಪ್ಪ ಎಸ್ಟೇಟಲ್ಲಿ ರೈಟರ್ ಆಗಿದ್ರು ಕಣೇ."

"ರೈಟರ್ ಅಲ್ಲಮ್ಮ," ಎಂದರು ಗಂಡ, ಲೋಟದಿಂದ ಕಣ್ಣೆತ್ತದೆ. "ಕಣದಲ್ಲಿ ಕೆಲ್ಸ ಮಾಡ್ತಿದ್ರು. ಇವಳೂ ಮಾಡಿದಾಳೆ. ನೆಗೊಂಬೊದಲ್ಲಿ ನೀವು ನೋಡ್ಬೇಕಿತ್ತು, ಮೋಡ ಕಂಡಿದ್ದೇ ತಡ, ಯಾರದೋ ಮೀನೆಲ್ಲ ಕಾಲಲ್ಲಿ ಗುಡ್ಡೆ ಹಾಕಿಬಿಟ್ಳು."

ಚಿಕ್ಕಮ್ಮ ಅತ್ತೆಯ ಮುಖ ನೋಡಿದರು. ಅತ್ತೆ ಸಕ್ಕರೆ ಡಬ್ಬದ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಪಾಪ, ಅವರ ಮೀನು ಹಾಳಾಯ್ತಾ?" ಎಂದರು ಕೊನೆಗೆ, ನನ್ನ ಕಡೆ ತಿರುಗಿ.

"ಇಲ್ಲ ಅತ್ತೆ. ನಿಮ್ಮ ಮಗ ಮತ್ತೆ ಹರವಿದ್ರು."