ಒಳಗಿನ ಗಡಿಯಾರ, ಶನಿವಾರದ ರಾಹುಕಾಲ

ಮದುವೆಯಾದ ಮೇಲೆ ಮೂರು ಊರು ಬದಲಿಸಿದ್ದರೂ ನನ್ನ ತಗಡಿನ ಟ್ರಂಕಿನ ಹಗ್ಗವನ್ನು ನಾನು ಪೂರ್ತಿ ಬಿಚ್ಚಿರಲಿಲ್ಲ. ಒಂದು ಬದಿಯ ಗಂಟು ಸಡಿಲಿಸಿ, ಕೈ ತೂರಿಸಿ, ಬೇಕಾದ ಸೀರೆಯನ್ನು ಎಳೆದುಕೊಳ್ಳುತ್ತಿದ್ದೆ. ಬಿಚ್ಚಿದರೆ ಮತ್ತೆ ಕಟ್ಟಬೇಕಲ್ಲ ಅನ್ನುವ ಅಳುಕು. ನಿಮ್ಮ ತಾತ ಒಂದು ಕಡೆ ನಿಲ್ಲುವವರಲ್ಲ. ಶಿರಾದಲ್ಲಿ ರೇಡಿಯೊ ರಿಪೇರಿ ಮಾಡಿದರು. ಕೊರಟಗೆರೆಯಲ್ಲಿ ಪಂಪಿನ ಮೋಟಾರು ಸುತ್ತುವ ಅಂಗಡಿ ಇಟ್ಟರು. ಅದನ್ನೂ ಮುಚ್ಚಿ, ನನ್ನನ್ನು ನಾಗಲಮಡಿಕೆ ಹತ್ತಿರದ ತವರಿನಲ್ಲಿ ಬಿಟ್ಟು, ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸ ಕಲಿಯಲು ಹೋದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಧುಗಿರಿಯ ಕಡಲೆಕಾಯಿ ಬೆಳೆಗಾರರ ಸಂಘವೊಂದು ಕಂಪ್ಯೂಟರ್ ತರಿಸಿತು. ಅದನ್ನು ನೋಡಿಕೊಳ್ಳಲು ನಿಮ್ಮ ತಾತ ಬಂದರು. ಬೆಟ್ಟದ ಬುಡದ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದೆವು. ನಿಮ್ಮಪ್ಪ ಆಗಿನ್ನೂ ತೊಟ್ಟಿಲ ಕೂಸು. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಕೆಲಸ ಕಾಯಂ, ಇಲ್ಲದಿದ್ದರೆ ಯಂತ್ರವೂ ವಾಪಸ್ಸು, ನೀವೂ ವಾಪಸ್ಸು ಎಂದು ಸಂಘದ ಮ್ಯಾನೇಜರು ಮೊದಲ ದಿನವೇ ಹೇಳಿದ್ದರಂತೆ. ಅದನ್ನು ಕೇಳಿದ ಮೇಲೆ ಟ್ರಂಕಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ.

ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಗಂಡಸರ ಮುಂದೆ ನಿಂತು ಮಾತಾಡಿ ಅಭ್ಯಾಸವಿರಲಿಲ್ಲ. ಯಾರಾದರೂ ಬಂದು "ಯಜಮಾನ್ರು ಅವ್ರಾ?" ಎಂದು ಕೇಳಿದರೆ ಬಾಗಿಲ ಹಿಂದಿನಿಂದಲೇ "ಇಲ್ಲ" ಎನ್ನುತ್ತಿದ್ದೆ. ಹೆಚ್ಚಿಗೆ ಕೇಳಿದರೆ ಅದಕ್ಕೂ "ಇಲ್ಲ."

ಸಂಘದ ಅಂಗಳಕ್ಕೆ ಪಾವಗಡ, ಶಿರಾ, ಕೊರಟಗೆರೆ ಕಡೆಯಿಂದ ಕಡಲೆಕಾಯಿ ಹೇರಿಕೊಂಡು ಟ್ರಾಕ್ಟರು, ಲಾರಿಗಳು ಬರುತ್ತಿದ್ದವು. ಬಂದವರಿಗೆಲ್ಲ ಕಂಪ್ಯೂಟರಿನಿಂದ ಚೀಟಿ. ಅದರ ಮೇಲೆ ಬಂದ ಹೊತ್ತು ಅಚ್ಚಾಗಿರುತ್ತಿತ್ತು. ಯಾರ ಚೀಟಿಯಲ್ಲಿ ಹೊತ್ತು ಮೊದಲಿದೆಯೋ ಅವರ ಮಾಲು ತೂಕಕ್ಕೆ ಮೊದಲು. ಆದರೆ ಕರೆಂಟು ಹೋದರೆ ಆ ಯಂತ್ರಕ್ಕೆ ಹೊತ್ತೇ ಮರೆತುಹೋಗುತ್ತಿತ್ತು. ಪ್ರತಿ ಸಲ ಹಾಕಿದಾಗಲೂ ಈಗ ಗಂಟೆ ಎಷ್ಟು ಎಂದು ಅದೇ ಕೇಳುತ್ತಿತ್ತು. ಎದುರಿಗೆ ಕೂತವರು ಏನು ಒತ್ತುತ್ತಾರೋ ಅದನ್ನೇ ನಂಬುತ್ತಿತ್ತು.

ಬೆಳಿಗ್ಗೆ ಯಂತ್ರ ಹಾಕುವವರು ಮ್ಯಾನೇಜರು. ಪೂಜೆ ಮಾಡಿ, ಅದಕ್ಕೆ ಕುಂಕುಮ ಇಟ್ಟು, ತಾವೇ ಗುಂಡಿ ಒತ್ತಬೇಕು. ಅವರು ಕಚೇರಿಗೆ ಬರುವುದು ಒಂಬತ್ತೂವರೆಗೆ. ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಹೊಸ ಕೆಲಸ ಶುರು ಮಾಡುವುದು ಹೇಗೆ? ಅದಕ್ಕೆ ಅವರು ಒಂದು ದಾರಿ ಕಂಡುಕೊಂಡಿದ್ದರು. ಯಂತ್ರ ಗಂಟೆ ಕೇಳಿದಾಗ ಹತ್ತೂ ನಲವತ್ತು ಎಂದು ಒತ್ತಿಬಿಡುತ್ತಿದ್ದರು. ಯಂತ್ರದ ಲೆಕ್ಕದಲ್ಲಿ ರಾಹುಕಾಲ ಕಳೆದುಹೋಯಿತು.

ಒಂದು ಶನಿವಾರ ಹಾಗೆ ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ ಬಂತು. ಆಗ ಅಲ್ಲಿದ್ದ ಗುಮಾಸ್ತರು ಗೋಡೆಯ ಗಡಿಯಾರ ನೋಡಿ ನಿಜವಾದ ಗಂಟೆ ಒತ್ತಿದರು, ಹತ್ತೂ ಕಾಲು. ಅಲ್ಲಿಂದಾಚೆ ಬಂದವರ ಚೀಟಿಯೆಲ್ಲ ಮೊದಲು ಬಂದವರ ಚೀಟಿಗಿಂತ ಮುಂದಾಯಿತು. ಕೂಸನ್ನು ಎತ್ತಿಕೊಂಡು ಊಟದ ಡಬ್ಬಿ ಕೊಡಲು ಹೋದವಳು ನಾನು ಗೇಟಿನ ಹುಣಸೆಮರದ ಮರೆಯಲ್ಲೇ ನಿಂತುಬಿಟ್ಟೆ. ಪಾವಗಡ ಕಡೆಯ ರೈತರೊಬ್ಬರೂ ಶಿರಾದ ಸಾಬರೊಬ್ಬರೂ ಚೀಟಿ ಹಿಡಿದು ಎದುರುಬದುರು ನಿಂತಿದ್ದರು.

"ಏಮಯ್ಯಾ, ನಾನು ಬಂದಾಗ ನಿನ್ ಲಾರಿ ಇನ್ನೂ ಶಿರಾದಲ್ಲೇ ಇತ್ತು. ನಿನ್ ಚೀಟಿ ಹೆಂಗ್ ಮುಂದಾತು?" ಎಂದರು ರೈತರು.

"ನಾನೇನ್ ಬರ್ಕೊಂಡ್ನಾ ಭಾಯಿ? ಮಿಷನ್ ಕೊಟ್ಟಿದ್ದು ತಗೊಂಡೆ."

"ಮಿಷನ್ನಿಗೇ ಟೀ ಕುಡಿಸ್ದಂಗೈತೆ."

"ನಿನ್ ಟ್ರಾಕ್ಟರ್ ನೋಡಿ ಅದಕ್ಕೇ ನಿದ್ದೆ ಬಂದಿರ್ಬೇಕು" ಎಂದರು ಸಾಬರು. ಸುತ್ತಲಿದ್ದವರು ನಕ್ಕರು. ರೈತರಿಗೆ ನಗು ಬರಲಿಲ್ಲ. ಚೀಟಿಯನ್ನು ಕಿಟಕಿಯೊಳಕ್ಕೆ ಎಸೆದರು.

ಮ್ಯಾನೇಜರು ನಿಮ್ಮ ತಾತನ ಕಡೆ ತಿರುಗಿದರು. "ಹಿಂದ್ ಬಂದೋನ್ಗೆ ಮುಂದಿನ್ ಚೀಟಿ ಕೊಡೋ ಮಿಷನ್ ಕಟ್ಕಂಡು ನಾನೇನ್ರೀ ಮಾಡ್ಲಿ? ಇನ್ನೊಂದ್ ಸಲ ಇಂಗಾದ್ರೆ ಲಾರಿಗೆ ಏರಿಸಿ ಕಳಿಸ್ಬುಡ್ತೀನಿ."

ಅವರು ಒತ್ತಿದ ಸುಳ್ಳು ಗಂಟೆಯ ಮಾತನ್ನು ಯಾರೂ ಎತ್ತಲಿಲ್ಲ. ನಿಮ್ಮ ತಾತನೂ ಎತ್ತಲಿಲ್ಲ.

ಆ ವಾರವೆಲ್ಲ ಅವರಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತಟ್ಟೆಯ ಮುಂದೆ ಕೂತು ಎದ್ದುಹೋಗುವರು, ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುವರು. ಅವರನ್ನು ನೋಡಿ ನನಗೂ ಕೈಕೆಲಸ ಸಾಗದು. ಒಂದು ಸಂಜೆ ನಾನು ಕಡಲೆಕಾಯಿ ಸುಲಿಯುತ್ತಿದ್ದಾಗ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು.

"ಲೇ, ಇಲ್ನೋಡು. ಆ ಮಿಷನ್ ಒಳಗೇ ಒಂದು ಗಡಿಯಾರ ಐತೆ ಕಣೆ. ಉಗುರಷ್ಟಗಲ. ಅದಕ್ಕೇ ಅಂತ ಒಂದು ಬ್ಯಾಟರಿ. ಕರೆಂಟ್ ಹೋದ್ರೂ ಅದು ನಿಲ್ಲಲ್ಲ."

"ಇದ್ರೆ ಮತ್ತೆ ಯಾಕ್ರೀ ಜನಗಳನ್ನ ಕೇಳುತ್ತೆ?"

"ಅದೇ ಗ್ರಾಚಾರ. ಇದ್ದರೂ ಯಾರಿಗೂ ಕಾಣಂಗಿಲ್ಲ."

ಒಂದು ಕಡಲೆಕಾಯಿ ತೆಗೆದುಕೊಂಡು ಒಡೆದರು. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮು ಒಂದಿರುತ್ತದೆ, ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ, ಅದರ ನಡುವಿನ ಭಾಗವೇ ಕರ್ನಲ್, ಅಂದರೆ ಈ ಬೀಜ ಎಂದರು. ಯಂತ್ರದ ಭಾಗಗಳನ್ನು ಮುಟ್ಟುವ ಹಕ್ಕು ಕರ್ನಲ್‌ಗೆ ಮಾತ್ರ. ಚೀಟಿ ಬರೆಯುವ ಪ್ರೋಗ್ರಾಮು ಹೊರಗಿನದು, ಸಿಪ್ಪೆಯ ಹಾಗೆ. ಅದು ನೇರವಾಗಿ ಗಡಿಯಾರ ಮುಟ್ಟುವಂತಿಲ್ಲ, ಕರ್ನಲನ್ನು ಕೇಳಬೇಕು. ಕರ್ನಲ್‌ಗೋ ಆ ಗಡಿಯಾರವನ್ನು ಓದುವುದನ್ನು ಯಾರೂ ಕಲಿಸಿಲ್ಲ. ತಾವು ಅದನ್ನು ಕಲಿಸಿ, ಹೊರಗಿನ ಪ್ರೋಗ್ರಾಮು ಗಂಟೆ ಕೇಳುವುದಕ್ಕೆ ಒಂದು ಕಿಂಡಿ ಇಡುವುದಾಗಿ ಹೇಳಿದರು. ಹೊರಗಿನಿಂದ ನೋಡಿದರೆ ಆ ಕಿಂಡಿ ಒಂದು ಫೈಲಿನ ಹಾಗೆ ಇರುತ್ತದಂತೆ. ಅದನ್ನು ಓದಿದರೆ ಗಂಟೆ ಬರುತ್ತದೆ.

ನನಗೆ ಅಷ್ಟೂ ಅರ್ಥವಾಯಿತು ಎಂದು ಹೇಳಲಾರೆ. ಬಾಗಿಲ ಹಿಂದೆ ನಿಂತು ಕೇಳಿದ್ದಕ್ಕೆ ಉತ್ತರ ಕೊಡುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ಕಿಂಡಿಯಿಂದ ಕೈ ಹಾಕಿ ಮುಳ್ಳು ತಿರುಗಿಸಬಹುದಾ?" ಎಂದೆ.

ಅವರು ಓಡಾಟ ನಿಲ್ಲಿಸಲಾಗದೆ ಮತ್ತೆ ಎದ್ದರು. "ಅದೇ ಯೋಚ್ನೆ. ತಿರುಗಿಸೋಕೆ ಬಿಟ್ರೆ ಮ್ಯಾನೇಜರು ಶನಿವಾರ ತಿರುಗಿಸ್ತಾರೆ. ಬಿಡದೆ ಹೋದ್ರೆ ನನ್ನನ್ನೇ ಊರಿಂದ ತಿರುಗಿಸ್ತಾರೆ."

ಕೊನೆಗೆ ಓದುವ ಕಿಂಡಿಯನ್ನಷ್ಟೇ ಇಟ್ಟರು. ಶುಕ್ರವಾರ ಸಂಜೆ ಎಲ್ಲ ಮುಗಿಸಿ, ಇನ್ನು ಮೇಲೆ ಯಂತ್ರ ಗಂಟೆ ಕೇಳುವುದಿಲ್ಲ ಎಂದಷ್ಟೇ ಮ್ಯಾನೇಜರಿಗೆ ತಿಳಿಸಿದರು. ಮರುದಿನ ನಿಮ್ಮ ತಾತನಿಗೆ ವೈ.ಎನ್.ಹೊಸಕೋಟೆಯಲ್ಲಿದ್ದ ಸಂಘದ ಗೋದಾಮಿನಲ್ಲಿ ಕೆಲಸವಿತ್ತು. ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದರು.

ಆ ಶನಿವಾರ ನಾನು ಅಂಗಳಕ್ಕೆ ನೀರು ಹಾಕಿ, ಕೂಸಿಗೆ ಸ್ನಾನ ಮಾಡಿಸಿ ಮಲಗಿಸಿದ್ದೆ. ಬಾಗಿಲ ಮುಂದೆ ಸ್ಕೂಟರ್ ನಿಂತ ಸದ್ದಾಯಿತು.

"ಯಜಮಾನ್ರು ಅವ್ರೇನಮ್ಮಾ?" ಮ್ಯಾನೇಜರ ದನಿ.

"ಇಲ್ಲ ಸಾರ್."

"ಆ ಮಿಷನ್ನಿಗೆ ಗಂಟೆ ಒತ್ತೋದು ಹೆಂಗೆ ಅಂತ ಏನಾರ ಹೇಳೋಗವ್ರಾ? ಇವತ್ತು ಶನಿವಾರ ನೋಡಿ. ನಾನು ಹತ್ತೂ ನಲವತ್ತು ಅಂತ ಒತ್ಬೇಕು."

ಇಲ್ಲ ಎಂದು ಸುಮ್ಮನಾಗಬಹುದಿತ್ತು. ಬಾಗಿಲ ಚಿಲಕ ಹಿಡಿದುಕೊಂಡೇ ಹೇಳಿದೆ. "ಒತ್ತೋಕಾಗಲ್ವಂತೆ ಸಾರ್. ಒಳಗಿರೋ ಗಡಿಯಾರದಿಂದ ಅದೇ ತಗೊಳ್ಳುತ್ತಂತೆ. ನಾವು ನೋಡ್ಬಹುದು, ತಿದ್ದೋಕಾಗಲ್ಲ."

ಹೊರಗೆ ಸ್ಕೂಟರಿನ ಕೀಲಿ ಗಲಗಲ ಅಂದಿತು.

"ಅಂಗಾದ್ರೆ ಹತ್ತೂವರೆ ಆಗೋಗಂಟ ಮಿಷನ್ ಹಾಕಲ್ಲ ಬುಡಿ. ಜನ ಬಂದು ಬೈಯ್ಲಿ. ಸೋಮವಾರ ಲಾರಿಗೆ ಹೇಳ್ತೀನಿ."

ಸ್ಕೂಟರಿಗೆ ಒದೆಯುವ ಸದ್ದು ಕೇಳಿಸಿತು. ಮೂಲೆಯಲ್ಲಿದ್ದ ಟ್ರಂಕು ಕಣ್ಣಿಗೆ ಬಿತ್ತು. ಎಲ್ಲಿತ್ತೋ ಧೈರ್ಯ, ಬಾಗಿಲು ಅರ್ಧ ತೆಗೆದು ತಲೆ ಹೊರಗೆ ಹಾಕಿದೆ.

"ಸಾರ್, ಇನ್ನೂ ರಾಹುಕಾಲ ಬಂದಿಲ್ಲ. ಈಗ್ಲೇ ಹೋಗಿ ಹಾಕ್ಬುಡಿ. ನಮ್ಮೂರಲ್ಲಿ ಹೊರಡೋ ಹೊತ್ತು ಸರಿಯಿಲ್ದಿದ್ರೆ ಗಂಟನ್ನ ಮೊದ್ಲೇ ಒಳ್ಳೇ ಹೊತ್ತಲ್ಲಿ ಪಕ್ಕದ್ಮನೇಲಿ ಇಟ್ಬುಟ್ಟು ಬತ್ತಾರೆ. ಅಂಗೇ ಇದೂನು."

ಅವರು ನನ್ನನ್ನು ನೋಡಿದರು. ಗಾಡಿ ಬಿಟ್ಟರು.

ಒಳಗೆ ಬಂದು ಗೋಡೆಯ ಗಡಿಯಾರ ನೋಡಿದೆ. ಒಂಬತ್ತಕ್ಕೆ ಐದೇ ನಿಮಿಷ. ಸಂಘದ ಕಚೇರಿ ಊರಿನ ಆ ತುದಿಗೆ, ಹತ್ತು ನಿಮಿಷದ ದಾರಿ. ಗಂಟೆ ನೋಡದೆ ಮಾತಾಡಿಬಿಟ್ಟಿದ್ದೆ. ಅವರು ಹೋಗಿ ಗುಂಡಿ ಒತ್ತುವುದು ಸರಿಯಾಗಿ ರಾಹುಕಾಲದೊಳಗೆ. ಯಂತ್ರವೋ ಸುಳ್ಳು ಹೇಳದು, ಚೀಟಿಯ ಮೇಲೇ ಅಚ್ಚು ಹಾಕಿ ತೋರಿಸುತ್ತದೆ. ನಿಮ್ಮ ಹೆಂಡತಿಯೇ ಕಳಿಸಿದರು ಎಂದು ನಿಮ್ಮ ತಾತನಿಗೆ ಹೇಳುತ್ತಾರೆ.

ಆ ದಿನ ಹೇಗೆ ಕಳೆಯಿತೋ. ಅಕ್ಕಿ ಆರಿಸಲು ಕೂತೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಬೀದಿಯಲ್ಲಿ ಸ್ಕೂಟರ್ ಹೋದಾಗಲೆಲ್ಲ ಎದ್ದು ಕಿಟಕಿಗೆ ಹೋದೆ. ಮಧ್ಯಾಹ್ನ ಟ್ರಂಕಿನ ಮುಂದೆ ಕೂತು, ಹೊರಗಿದ್ದ ನಾಲ್ಕು ಪಾತ್ರೆಗಳಲ್ಲಿ ಯಾವುದು ಅದರೊಳಗೆ ಹಿಡಿಸುತ್ತದೆ ಎಂದು ನೋಡಿದೆ.

ಹೊತ್ತು ಮುಳುಗುವ ಮುಂಚೆ ನಿಮ್ಮ ತಾತ ಬಂದರು. ಬಸ್ಸಿಳಿದು ಕಚೇರಿಗೆ ಹೋಗಿಯೇ ಬಂದಿದ್ದರು. ಚಪ್ಪಲಿಯನ್ನೂ ಬಿಡದೆ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ಯಂತ್ರ ಹಾಕಿದ ಕೂಡಲೇ ಅಚ್ಚು ಹಾಕಿ ನೋಡಿದ ಮೊದಲ ಚೀಟಿ. ಎಂಟೂ ಐವತ್ತಾರು ಎಂದಿತ್ತು.

"ಇವತ್ತು ಎರಡು ಸಲ ಕರೆಂಟ್ ಹೋಯ್ತಂತೆ. ಒಂದು ಚೀಟೀನೂ ಹಿಂದುಮುಂದಾಗಿಲ್ಲ" ಎಂದರು. "ಮ್ಯಾನೇಜರು ಏನಂದ್ರು ಗೊತ್ತಾ? ನಿಮ್ ಮನೆಯವ್ರಿಗೆ ಬಾಯಿ ಐತೆ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ, ಅಂದ್ರು."

ನನಗೆ ನಂಬಿಕೆ ಬರಲಿಲ್ಲ. "ಇಲ್ಲಿಂದ ಹೊರಟಾಗಲೇ ಒಂಬತ್ತಕ್ಕೆ ಐದು ನಿಮಿಷ ಇತ್ತಲ್ರೀ" ಎಂದೆ.

ಅವರು ಗೋಡೆಯ ಗಡಿಯಾರ ನೋಡಿ ನಗಲು ಶುರು ಮಾಡಿದರು. "ಅದನ್ನ ನಾನೇ ಹತ್ತು ನಿಮಿಷ ಮುಂದಕ್ಕಿಟ್ಟಿದೀನಿ ಕಣೆ. ಬೆಳಗಿನ ಬಸ್ಸು ತಪ್ಪಬಾರದು ಅಂತ."

"ಹಂಗಾದ್ರೆ ಮೊದ್ಲು ಇದನ್ನ ಸರಿ ಮಾಡಿ."

"ಮಾಡಿದ್ರೆ ಬಸ್ಸು ತಪ್ಪೋಗುತ್ತೆ" ಎಂದು ಬಚ್ಚಲಿಗೆ ಹೋದರು.

ಆ ಗಡಿಯಾರ ನಾವು ಆ ಮನೆಯಲ್ಲಿದ್ದಷ್ಟು ದಿನವೂ ಹಾಗೇ ಓಡಿತು. ಮ್ಯಾನೇಜರು ಮಾತ್ರ ಅಂದಿನಿಂದ ಶನಿವಾರ ಒಂಬತ್ತಕ್ಕೆ ಮುಂಚೆಯೇ ಕಚೇರಿಗೆ ಹೋಗತೊಡಗಿದರು. ನಮ್ಮ ಬೀದಿ ಬಂದಾಗ ಒಮ್ಮೆ ಹಾರನ್ ಬಾರಿಸುತ್ತಿದ್ದರು. ನಾನು ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ.

ಅವತ್ತು ನಿಮ್ಮ ತಾತ ಸ್ನಾನ ಮುಗಿಸಿ ಬರುವಷ್ಟರಲ್ಲಿ ನಾನು ಟ್ರಂಕಿನ ಹಗ್ಗ ಬಿಚ್ಚಿದ್ದೆ. ಗಂಟು ಕಲ್ಲಿನಂತಾಗಿತ್ತು, ಹಲ್ಲು ಹಾಕಿ ಎಳೆಯಬೇಕಾಯಿತು. ಸೀರೆಗಳನ್ನು ಗೋಡೆಯ ಗೂಡಿನಲ್ಲಿ ಜೋಡಿಸಿ, ಆ ಹಗ್ಗವನ್ನು ಹಿತ್ತಿಲಿನಲ್ಲಿ ಉದ್ದಕ್ಕೆ ಕಟ್ಟಿ, ಕೂಸಿನ ಬಟ್ಟೆ ಒಣಹಾಕಿದೆ.