ಭೋಜದ ಆಯಿಗೆ ಪುರಾಣ ಓದಿದ್ದು

ನಮ್ಮ ಯಜಮಾನರು ಚಿಕ್ಕೋಡಿಯಲ್ಲಿ ಡಾಕ್ಟರು. ಹಳೆಯ ಪುಸ್ತಕ ಕೂಡಿಸುವುದು ಅವರ ಹುಚ್ಚು. ದವಾಖಾನೆಯಲ್ಲಿ “ಧೂಳಿನಿಂದ ದೂರ ಇರ್ರಿ” ಎಂದು ರೋಗಿಗಳಿಗೆ ಹೇಳಿ ಬಂದು, ಮನೆಯಲ್ಲಿ ಅಥಣಿ, ರಾಯಬಾಗದ ಅಟ್ಟಗಳಿಂದ ಇಳಿಸಿ ತಂದ ಪುಸ್ತಕಗಳಿಗೆ ಮೂಗು ತಾಗಿಸಿ ಸೀನುತ್ತ ಕೂಡುವವರು. ನನ್ನ ಸೀರೆಗಳು ಟ್ರಂಕಿಗೆ ಇಳಿದು, ಕಪಾಟು ಪೂರ್ತಿ ಅವರದಾಗಿ ಎಷ್ಟೋ ವರ್ಷವಾಯಿತು.

ಹೋದ ವರ್ಷ ಹತ್ತಿರದ ಭೋಜ ಎಂಬ ಹಳ್ಳಿಯ ಒಂದು ಜೈನರ ಮನೆಯಿಂದ ಕರೆ ಬಂತು. ಎಲ್ಲರೂ ಆಯಿ ಎಂದು ಕರೆಯುವ ಮನೆಯ ಹಿರಿಯಾಕೆಗೆ ಜ್ವರ. ನಾನೂ ಜೊತೆಗೆ ಹೋದೆ. ಆಯಿಯ ನಾಡಿ ಹಿಡಿದಿದ್ದ ನಮ್ಮವರ ಕಣ್ಣು ಗೋಡೆಯ ಗೂಡಿನಲ್ಲಿ ನೆಟ್ಟಿತ್ತು. ಅಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಗಂಟು.

“ಅದೇನ್ರಿ ಆಯಿ?”

“ನನ್ನ ನಾಡಿ ಅಲ್ಲೈತೇನ್ರಿ, ಡಾಕ್ಟರ್ ಸಾಹೇಬ್ರ?”

ನಾನು ಸೆರಗು ಬಾಯಿಗಿಟ್ಟುಕೊಂಡೆ.

ಅದು ಆಕೆಯ ಮಾವ ಕೈಯಾರೆ ನಕಲು ಮಾಡಿದ ಪುರಾಣ. ಗಂಡ ದಿನಾ ಓದಿ ಹೇಳುತ್ತಿದ್ದರಂತೆ. ಅವರು ಹೋದ ಮೇಲೆ ಯಾರೂ ಬಿಚ್ಚಿರಲಿಲ್ಲ. ಜ್ವರ ಇಳಿದ ಮೇಲೂ ನಮ್ಮವರು ಎರಡು ಸಲ ತಪಾಸಣೆಯ ನೆಪ ಮಾಡಿ ಹೋದರು. ಕಡೆಗೆ ಆಕೆಯೇ ಅಂದಳು: “ಬೇಕಂದ್ರ ಒಯ್ರಿ. ಆದ್ರ ಮೊದಲ ಪೂರಾ ಓದಿ ನನಗ ಕೇಳಸ್ರಿ. ನನಗ ಓದಾಕ ಬರೂದಿಲ್ಲ, ಮೊಮ್ಮಕ್ಕಳು ಮರಾಠಿ ಸಾಲಿಗೆ ಹೋಗತಾವ.”

ಪ್ರತಿ ರವಿವಾರ ಬೆಳಿಗ್ಗೆ ಓದು ಸುರುವಾಯಿತು. ಹಳಗನ್ನಡ ಬಲ್ಲೆನೆಂದು ಊರಿಗೆಲ್ಲ ಹೇಳಿಕೊಂಡವರು ಮೊದಲ ಪದ್ಯದಲ್ಲೇ ಮೂರು ಕಡೆ ಎಡವಿದರು. ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಆಯಿ ಕಣ್ಣು ಮುಚ್ಚಿಕೊಂಡೇ ತಿದ್ದಿದಳು.

“ಬಾಯೀ, ಇವರು ಔಷಧದ ಚೀಟೀನೂ ಹಿಂಗ ಓದ್ತಾರೇನು?” ಎಂದು ನನ್ನನ್ನು ಕೇಳಿದಳು.

“ತಾವ ಬರದದ್ದು ಅವರಿಗೂ ಓದಾಕ ಬರೂದಿಲ್ರಿ ಆಯಿ,” ಎಂದೆ.

ನಾಲ್ಕು ತಿಂಗಳಿಗೆ ಪುರಾಣ ಮುಗಿಯಿತು. ಆಯಿ ಮಾತಿಗೆ ತಪ್ಪಲಿಲ್ಲ. ತಾನೇ ಬಟ್ಟೆ ಸುತ್ತಿ ನಮ್ಮವರ ಕೈಗಿಟ್ಟಳು. ಇಟ್ಟ ಮೇಲೂ ಆಕೆಯ ಕೈ ಮಾತ್ರ ಗಂಟಿನ ಮೇಲೆಯೇ ಇತ್ತು. ನಮ್ಮವರು ನನ್ನ ಮುಖ ನೋಡಿದರು. ಮೂವತ್ತು ವರ್ಷದಲ್ಲಿ ಒಂದು ಪುಸ್ತಕಕ್ಕೂ ನನ್ನನ್ನು ಹೀಗೆ ಕೇಳಿದವರಲ್ಲ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

“ಆಯಿ, ಭಾಳ ಕಡೆ ನನಗ ಅರ್ಥ ಆಗಿಲ್ರಿ,” ಎಂದರು. “ಇನ್ನೊಮ್ಮೆ ಮೊದಲಿಂದ ಓದೂಣೇನ್ರಿ?”

“ನನಗ ಗೊತ್ತಿತ್ತು ಬಿಡ್ರಿ,” ಎಂದು ಆಯಿ ಗಂಟು ಬಿಚ್ಚತೊಡಗಿದಳು.

ಈಗ ಎರಡನೆಯ ಓದು ಅರ್ಧಕ್ಕೆ ಬಂದಿದೆ. ನಮ್ಮವರು ಎಡವುವುದು ಕಡಿಮೆಯಾಗಿದೆ. ಆಯಿಗೆ ಅದೇ ಬೇಸರ. ತಿದ್ದಲು ಏನೂ ಸಿಗುತ್ತಿಲ್ಲವಂತೆ.